ಓಡಿಸೋಕೆ ಬರುತ್ತೆ, ನಿಲ್ಲಿಸೋಕೆ ಬರಲ್ಲ

ಮೈಸೂರಿನ ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಪ್ಲಾಸ್ಟಿಕ್ ಬುಟ್ಟಿ ಇದೆ. ಕರೆಂಟ್ ಬಿಲ್ಲು, ಸತ್ತ ಬ್ಯಾಟರಿ, ಯಾವ ಬೀಗದ್ದು ಅಂತ ಯಾರಿಗೂ ಗೊತ್ತಿಲ್ಲದ ಕೀಲಿ, ಮುಗಿದುಹೋದ ಮದುವೆಗಳ ಲಗ್ನಪತ್ರಿಕೆ, ಎಲ್ಲಾ ಅದರಲ್ಲೇ. 2024ರ ನವೆಂಬರಿನಲ್ಲಿ ನಾವು ಜಪಾನಿನ ಫುಕುವೊಕಾದಲ್ಲಿ ಇಳಿದು ಬಾಡಿಗೆ ಕಾರಿನ ಕೌಂಟರಿನ ಮುಂದೆ ನಿಂತಿದ್ದಾಗ, ನಮ್ಮ ಯಜಮಾನರ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಆ ಬುಟ್ಟಿಯಲ್ಲಿ ಹಾಯಾಗಿ ಮಲಗಿತ್ತು.

ಇವರು ಬ್ಯಾಗಿನ ನಾಲ್ಕೂ ಜಿಪ್ಪು ತೆಗೆದರು. ಹಾಕಿದರು. ಮತ್ತೆ ತೆಗೆದರು. ಕೌಂಟರಿನ ಹುಡುಗಿ ಕೈ ಕಟ್ಟಿಕೊಂಡು ನಗುಮುಖದಲ್ಲೇ ನಿಂತಿದ್ದಳು. ಅಷ್ಟು ಹೊತ್ತು ನಗುತ್ತಾ ನಿಲ್ಲೋದು ನನಗಂತೂ ಸಾಧ್ಯವಿಲ್ಲ, ಅದೂ ಇವರ ಬ್ಯಾಗ್ ಹುಡುಕಾಟ ನೋಡುತ್ತಾ. ಕೊನೆಗೆ ಇವರು ನನ್ನ ಕಡೆ ತಿರುಗಿ, ತುಂಬಾ ಮೆಲ್ಲಗೆ, "ನಿನ್ನದು ಇದೆಯಲ್ವಾ?" ಅಂದರು.

ನನ್ನದು ಇತ್ತು. ಇವರು ಅರ್ಜಿ ಹಾಕುವಾಗ, ಇರಲಿ ಅಂತ ನನ್ನದಕ್ಕೂ ಹಾಕಿದ್ದರು. ತಲಾ ಒಂದು ಸಾವಿರ ರೂಪಾಯಿ ಕಟ್ಟಿ ಆರ್‌ಟಿಒದಿಂದ ಬಂದ ಪುಟ್ಟ ಪುಸ್ತಕ. ಒಂದು ವರ್ಷ ಚಾಲ್ತಿ. ಜಪಾನಿನವರು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಪ್ರಕಾರ ಕೊಟ್ಟ ಪರ್ಮಿಟ್ ಮಾತ್ರ ಒಪ್ಪುತ್ತಾರೆ, ನಮ್ಮ ದೇಶ ಆ ಒಪ್ಪಂದದಲ್ಲಿ ಇದೆ. ಜರ್ಮನಿ, ಫ್ರಾನ್ಸಿನವರು ತಮ್ಮ ಲೈಸೆನ್ಸನ್ನು ಜಪಾನಿ ಭಾಷೆಗೆ ಅನುವಾದ ಮಾಡಿಸಿಕೊಂಡು ಬರಬೇಕು. ಇದನ್ನೆಲ್ಲ ವಿಮಾನದಲ್ಲಿ ಇವರೇ ನನಗೆ ಪಾಠ ಮಾಡಿದ್ದರು, ನಾಲ್ಕು ಗಂಟೆ. ಎಲ್ಲಾ ಗೊತ್ತಿತ್ತು, ಪುಸ್ತಕ ಎಲ್ಲಿದೆ ಅನ್ನೋದೊಂದು ಬಿಟ್ಟು.

ನನ್ನ ತಮ್ಮ ಆ ಊರಿನಲ್ಲಿ ಎಂಟು ವರ್ಷದಿಂದ ಕೆಲಸದಲ್ಲಿದ್ದಾನೆ. ಅವನ ಹತ್ತಿರ ಕಾರಿಲ್ಲ, ಲೈಸೆನ್ಸೂ ಇಲ್ಲ. "ಅಕ್ಕ, ಏರ್‌ಪೋರ್ಟಿನಿಂದ ಹಕಾತಾ ಸ್ಟೇಷನ್ನಿಗೆ ಸಬ್‌ವೇಯಲ್ಲಿ ಐದು ನಿಮಿಷ. 260 ಯೆನ್. ಕಾರು ಯಾಕೆ?" ಅಂತ ಮೊದಲೇ ಹೇಳಿದ್ದ. ನಮ್ಮ ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತೋಕೆ ಆಗಲ್ಲ ಅನ್ನೋದು ಇವರ ವಾದ. ಅಲ್ಲಿ ಸ್ಟೇಷನ್ನುಗಳಲ್ಲೆಲ್ಲ ಲಿಫ್ಟ್ ಇರುತ್ತೆ ಅಂತ ತಮ್ಮ ಹೇಳಿದ್ದನ್ನು ಇವರು ಕೇಳಿಸಿಕೊಳ್ಳಲಿಲ್ಲ. ಇವರಿಗೆ ಜಪಾನಿನಲ್ಲಿ ಕಾರು ಓಡಿಸಬೇಕಿತ್ತು, ಅಷ್ಟೇ. ಅಮ್ಮನ ಮಂಡಿ ಒಂದು ನೆಪ.

ಹೀಗೆ ನಾನು ಡ್ರೈವರ್ ಆದೆ.

ಕಾರು ಕೊಡೋ ಹುಡುಗ ಒಂದು ಹಾಳೆ ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದ. ಎಲ್ಲಿ ಗೀರು ಇದೆ, ಎಲ್ಲಿ ಕಲೆ ಇದೆ ಅಂತ ಬಗ್ಗಿ ಬಗ್ಗಿ ನೋಡಿ ಗುರುತು ಹಾಕಿದ. ಅವನು ಬಗ್ಗಿದ ಕಡೆ ನಾವೂ ಬಗ್ಗಿದೆವು. ನಮ್ಮ ಮನೆಯ ಕಾರಿಗೆ ಹೀಗೆ ಗುರುತು ಹಾಕೋಕೆ ಕೂತರೆ ಇನ್ನೂರು ಪುಟದ ನೋಟ್‌ಬುಕ್ ಬೇಕು. ಆಮೇಲೆ ನಿಯಮ ಹೇಳಿದ. ಇನ್ಶೂರೆನ್ಸ್ ಇದ್ದರೂ, ಗುದ್ದಿಸಿದ ಕಾರು ಓಡೋ ಸ್ಥಿತಿಯಲ್ಲಿದ್ದರೆ 20 ಸಾವಿರ ಯೆನ್, ಓಡದಿದ್ದರೆ 50 ಸಾವಿರ ನಾವು ಕಟ್ಟಬೇಕು. ಎಷ್ಟೇ ಸಣ್ಣದಾಗಿ ತಾಗಿದರೂ ಪೊಲೀಸರಿಗೆ ಫೋನ್ ಮಾಡಲೇಬೇಕು, ಇಲ್ಲದಿದ್ದರೆ ಇನ್ಶೂರೆನ್ಸ್ ಸಿಗಲ್ಲ. "ಹೋಗ್ಲಿ ಬಿಡ್ರೀ" ಅಂತ ಕೈಬೀಸಿ ಹೋಗೋ ಹಾಗಿಲ್ಲ.

ಕಾರು ಪುಟ್ಟದು, 660 ಸಿಸಿ. ಅಲ್ಲಿ ಇದಕ್ಕೆ 'ಕೇ' ಕಾರು ಅಂತಾರೆ. ನಾಲ್ಕು ಜನಕ್ಕೆ ಮಾತ್ರ ಪರವಾನಗಿ. ಅಗಲ ಕಮ್ಮಿ, ಎತ್ತರ ಜಾಸ್ತಿ, ಒಳ್ಳೆ ಗೋದ್ರೇಜ್ ಬೀರುವಿಗೆ ಚಕ್ರ ಹಾಕಿದ ಹಾಗೆ. ನಂಬರ್ ಪ್ಲೇಟು ಹಳದಿ, ಅಕ್ಷರ ಕಪ್ಪು. ಅತ್ತೆ ಅದನ್ನು ನೋಡಿದ್ದೇ ತಡ, "ಯೆಲ್ಲೋ ಬೋರ್ಡ್ ಗಾಡಿ! ಟ್ಯಾಕ್ಸಿ ತಗೊಂಡಿದ್ದೀರಲ್ಲೋ, ಡ್ರೈವರ್ ಎಲ್ಲಿ?" ಅಂದರು. ಇವರು ನನ್ನ ಕಡೆ ಕೈ ತೋರಿಸಿದರು. ಆ ದೇಶದಲ್ಲಿ ಕೇ ಕಾರಿಗೆ ಸಾಮಾನ್ಯವಾಗಿ ಹಳದಿ ಪ್ಲೇಟೇ. ಬಾಡಿಗೆ ಕಾರು ಅಂತ ಗೊತ್ತಾಗೋದು ಬೇರೆ ಗುರುತಿನಿಂದ. ನಂಬರಿನ ಪಕ್ಕ 'ವ' ಅನ್ನೋ ಜಪಾನಿ ಅಕ್ಷರ ಇರುತ್ತದೆ. ಹಿಂದಿನ ಕಾರಿನವನಿಗೆ ಅದನ್ನು ನೋಡಿದ ಕೂಡಲೇ ಗೊತ್ತಾಗುತ್ತೆ, ಇವರಿಗೆ ದಾರಿ ಗೊತ್ತಿಲ್ಲ ಅಂತ.

ಓಡಿಸೋದರಲ್ಲಿ ಕಷ್ಟವೇ ಇರಲಿಲ್ಲ, ನಿಜ ಹೇಳ್ತೀನಿ. ಅಲ್ಲೂ ಎಡಗಡೆಯೇ ಹೋಗಬೇಕು, ಸ್ಟಿಯರಿಂಗ್ ಬಲಗಡೆಯೇ. ಇಂಡಿಕೇಟರ್ ಕಡ್ಡಿ ಸಹ ನಮ್ಮ ಮಾರುತಿಯ ಹಾಗೆ ಬಲಗೈಗೇ ಸಿಗುತ್ತದೆ. ಗೇರ್ ಹಾಕೋ ಕೆಲಸವಿಲ್ಲ. ಹಸು ಇಲ್ಲ, ಗುಂಡಿ ಇಲ್ಲ, ಎದುರಿಂದ ರಾಂಗ್ ಸೈಡಿನಲ್ಲಿ ಬರುವವರಿಲ್ಲ. ಕಷ್ಟ ಶುರುವಾಗೋದು ಎಲ್ಲಿ ಗೊತ್ತಾ? ನಿಲ್ಲಿಸೋವಾಗ.

ಕೀ ಒತ್ತಿ ಸ್ಟಾರ್ಟ್ ಮಾಡಿದ ಕೂಡಲೇ ಕಾರಿನೊಳಗಿಂದ ಒಬ್ಬ ಹೆಂಗಸು ಏನೋ ಹೇಳಿದಳು. ಗಂಭೀರ ದನಿ.

"ಏನಂತೆ?" ಅತ್ತೆ ಹಿಂದಿನಿಂದ.

"ಬೆಲ್ಟ್ ಹಾಕಿಲ್ಲ ಅಂತಿರಬೇಕು. ಅಮ್ಮ, ಬೆಲ್ಟ್ ಹಾಕ್ಕೊ. ಇಲ್ಲಿ ಹಿಂದೆ ಕೂತವರೂ ಹಾಕ್ಕೋಬೇಕು." ಅತ್ತೆ ಸೀರೆಯ ನೆರಿಗೆ ಕೆಡುತ್ತೆ ಅಂತ ಗೊಣಗುತ್ತಾ ಹಾಕಿಕೊಂಡರು. ಇಳಿದು ಹತ್ತಿ ಮತ್ತೆ ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಮಾತು. ಬಾಗಿಲು ನೋಡಿದೆವು, ಡಿಕ್ಕಿ ನೋಡಿದೆವು, ಹ್ಯಾಂಡ್‌ಬ್ರೇಕ್ ನೋಡಿದೆವು. ತಮ್ಮನಿಗೆ ಫೋನ್ ಹಚ್ಚಿ ಕೇಳಿಸಿದಾಗ ಅವನು ನಕ್ಕ. "ಇಟಿಸಿ ಕಾರ್ಡ್ ಹಾಕಿಲ್ಲ ಅಂತಿದ್ದಾಳೆ. ನಮ್ಮ ಫಾಸ್ಟ್ಯಾಗ್ ಥರ. ಟೋಲ್ ರಸ್ತೆಗೆ ಹೋಗದಿದ್ರೆ ಬೇಡ ಬಿಡು." ಬಿಟ್ಟೆವು. ಅವಳು ಬಿಡಲಿಲ್ಲ. ನಾಲ್ಕು ದಿನ, ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ, ಒಂದೇ ದೂರು. "ಹಾಕ್ಬಾರದೇನೋ, ಪಾಪ, ಅಷ್ಟು ಕೇಳ್ಕೋತಿದ್ದಾಳೆ" ಅಂತ ಅತ್ತೆ ಅವಳ ಪಕ್ಷ.

ಹಕಾತಾ ಸ್ಟೇಷನ್ ಹತ್ತಿರದ ಹೋಟೆಲಿಗೆ ಬಂದೆವು. ಅಲ್ಲಿ ಪಾರ್ಕಿಂಗ್ ಅಂದರೆ ಒಂದು ಗೋಪುರ. ಕಾರನ್ನು ಲಿಫ್ಟಿನಂಥ ತಟ್ಟೆಯ ಮೇಲೆ ನಿಲ್ಲಿಸಿ ನಾವು ಇಳಿದರೆ, ಯಂತ್ರ ಅದನ್ನು ಮೇಲಕ್ಕೆ ಎತ್ತಿಕೊಂಡು ಹೋಗಿ ಯಾವುದೋ ಗೂಡಿನಲ್ಲಿ ಇಡುತ್ತದೆ. ನಾನು ಹೆದರುತ್ತಾ ಮೂತಿ ತಿರುಗಿಸಿದೆ. ಅಷ್ಟರಲ್ಲಿ ಟೋಪಿ ಹಾಕಿದ ಒಬ್ಬ ತಾತ ಓಡಿಬಂದು ಎರಡೂ ಕೈಗಳನ್ನು ಎದೆಯ ಮುಂದೆ ಕತ್ತರಿ ಹಾಕಿ ತೋರಿಸಿದರು. ಅಂದರೆ ಆಗಲ್ಲ. ಗೋಡೆ ಮೇಲೆ ಬರೆದಿತ್ತು, 1.55 ಮೀಟರ್ ಎತ್ತರದವರೆಗೆ ಮಾತ್ರ. ನಮ್ಮ ಬೀರು ಅದಕ್ಕಿಂತ ಒಂದು ಗೇಣು ಎತ್ತರ. ಇಡೀ ಊರಿನಲ್ಲೇ ಪುಟ್ಟ ಕಾರು ತೆಗೆದುಕೊಂಡವರು ನಾವು, ಪಾರ್ಕಿಂಗಿಗೆ ಹಿಡಿಸದವರೂ ನಾವೇ.

ತಾತ ಪಕ್ಕದ ಓಣಿಯಲ್ಲಿದ್ದ ಕಾಯಿನ್ ಪಾರ್ಕಿಂಗ್ ತೋರಿಸಿದರು. ತೋರಿಸಿ ಸುಮ್ನೆ ಹೋಗಲಿಲ್ಲ, ಜೊತೆಗೇ ಬಂದರು. ಅಲ್ಲಿ ಎಲ್ಲರೂ ಹಿಂಬದಿಯಿಂದ ಕಾರು ಒಳಗೆ ಹಾಕುತ್ತಾರೆ, ಎಲ್ಲಾ ಮೂತಿಗಳೂ ರಸ್ತೆ ಕಡೆ. ನಾನು ರಿವರ್ಸ್ ಹಾಕಿದೆ. ತಾತ ಹಿಂದೆ ನಿಂತು ಕೈ ಆಡಿಸುತ್ತಾ "ಓರಾಯ್, ಓರಾಯ್, ಓರಾಯ್" ಅಂತ ಶುರು ಮಾಡಿದರು. ಇಂಗ್ಲಿಷಿನ ಆಲ್‌ರೈಟ್ ಅಲ್ಲಿಗೆ ಹೋಗಿ ಹಾಗಾಗಿದೆ. ಇತ್ತ ಇವರು ಇನ್ನೊಂದು ಪಕ್ಕದಲ್ಲಿ "ಬರ್ಲಿ, ಬರ್ಲಿ, ಬರ್ಲಿ" ಅಂತ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲ, ರಾಗ ಮಾತ್ರ ಒಂದೇ. ಓರಾಯ್ ಅಂದಾಗ ಹಿಂದೆ ಹೋದೆ, ಬರ್ಲಿ ಅಂದಾಗಲೂ ಹಿಂದೆ ಹೋದೆ, ತಾತ "ಸ್ತೊಪ್ಪು" ಅಂದಾಗ ನಿಲ್ಲಿಸಿದೆ. ಇವರು ಇನ್ನೂ "ಬರ್ಲಿ" ಅನ್ನುತ್ತಿದ್ದರು. ಇವರ ಮಾತು ಕೇಳಿದ್ದರೆ 20 ಸಾವಿರ ಯೆನ್ ಅಲ್ಲೇ ಹೋಗುತ್ತಿತ್ತು.

ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಕಾರಿನ ಕೆಳಗೆ ನೆಲದಲ್ಲಿದ್ದ ಒಂದು ಕಬ್ಬಿಣದ ಹಲಗೆ ತಾನಾಗಿಯೇ ಮೇಲೆದ್ದು ನಿಂತಿತು. ದುಡ್ಡು ಕಟ್ಟುವ ತನಕ ಕಾರು ಅಲ್ಲಾಡೋ ಹಾಗಿಲ್ಲ. ಕೂಗೋರಿಲ್ಲ, ಚೀಟಿ ಹರಿಯೋರಿಲ್ಲ, ಒಬ್ಬ ಮನುಷ್ಯನೂ ಇಲ್ಲ. ನಮ್ಮೂರಲ್ಲಿ ಹೇಗೆ? ಕಾರು ನಿಲ್ಲಿಸುವಾಗ ಯಾರೂ ಇರಲ್ಲ, ತೆಗೆಯುವಾಗ ಮರದ ಹಿಂದಿನಿಂದ ಒಬ್ಬ ಪ್ರತ್ಯಕ್ಷವಾಗಿ ಬಾನೆಟ್ ಬಡಿದು ಇಪ್ಪತ್ತು ರೂಪಾಯಿ ಕೇಳ್ತಾನೆ. ಅವನ ಜೊತೆ ಚೌಕಾಸಿಯಾದರೂ ಮಾಡಬಹುದು.

ಮರುದಿನ ಬೆಳಿಗ್ಗೆ ಯಂತ್ರದ ಮುಂದೆ ನಿಂತೆವು. ನಮ್ಮ ಜಾಗದ ನಂಬರ್ ಒತ್ತಬೇಕು, ಎಷ್ಟಾಯಿತು ಅಂತ ಅದು ತೋರಿಸುತ್ತದೆ, ದುಡ್ಡು ಹಾಕಬೇಕು. ಡ್ರೈವಿಂಗ್ ಕೆಲಸ ತಪ್ಪಿದ ಮೇಲೆ ಇವರು ಹಣಕಾಸು ಮತ್ತು ತಾಂತ್ರಿಕ ಖಾತೆ ಎರಡನ್ನೂ ವಹಿಸಿಕೊಂಡಿದ್ದರು. ಜೇಬಿನಲ್ಲಿ ಇದ್ದದ್ದು ಹತ್ತು ಸಾವಿರದ ನೋಟುಗಳು. ಯಂತ್ರ ಸಾವಿರದ ನೋಟು ಬಿಟ್ಟು ಬೇರೆಯದನ್ನು ಮುಟ್ಟಲ್ಲ. ತಳ್ಳಿದರೆ ಅಷ್ಟೇ ಮರ್ಯಾದೆಯಿಂದ ವಾಪಸ್ ಕೊಡುತ್ತದೆ. ಮೂಲೆ ಅಂಗಡಿಗೆ ಹೋಗಿ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣಿಟ್ಟ ಒಂದು ಅನ್ನದ ಉಂಡೆ ಕೊಂಡು ಚಿಲ್ಲರೆ ಮಾಡಿಸಿಕೊಂಡು ಬಂದರು. ನೆಲದ ಮೇಲೆ ದೊಡ್ಡದಾಗಿ ಬರೆದ ನಂಬರ್ ನೋಡಿ 9 ಒತ್ತಿದರು. 1,100 ಯೆನ್. ಹಾಕಿದರು. ರಸೀದಿ ಬಂತು. ನಾನು ಸ್ಟಾರ್ಟ್ ಮಾಡಿದೆ, ಕಾರ್ಡ್ ಹಾಕಿಲ್ಲ ಅಂತ ಅವಳು ಬೈದಳು, ಹಲಗೆ ಮಾತ್ರ ಇಳಿಯಲಿಲ್ಲ.

ಮೂರು ಕಾರು ಆಚೆ ಒಂದು ದೊಡ್ಡ ಕಪ್ಪು ವ್ಯಾನಿನ ಕೆಳಗೆ ಟಪ್ ಅಂತ ಹಲಗೆ ಇಳಿಯಿತು.

ನಮ್ಮದು 6. ಇವರು ಯಂತ್ರದ ಕಡೆಯಿಂದ ನಿಂತು ತಲೆಕೆಳಗಾಗಿ ಓದಿದ್ದರು. ಯಾರದೋ ರಾತ್ರಿಯ ಬಾಡಿಗೆ ನಾವು ಕಟ್ಟಿದ್ದೆವು. ಇವರು ಆ ಯಂತ್ರದ ಎಲ್ಲಾ ಗುಂಡಿ ಒತ್ತಿದರು, ತಟ್ಟಿದರು, ಬಗ್ಗಿ ನೋಡಿದರು. ಕೇಳೋಣ ಅಂದರೆ ಮನುಷ್ಯರಿಲ್ಲ. ಮತ್ತೆ ನಮ್ಮದಕ್ಕೆ ಬೇರೆ ಕಟ್ಟಬೇಕಾಯಿತು. "ಹೋಗ್ಲಿ ಬಿಡೋ" ಅಂದರು ಅತ್ತೆ, ಕಾರಿನೊಳಗೆ ಅನ್ನದ ಉಂಡೆ ಬಿಚ್ಚುತ್ತಾ, "ಪರದೇಶದಲ್ಲಿ ಯಾರಿಗೋ ಒಂದು ರಾತ್ರಿ ಛತ್ರದಲ್ಲಿ ಜಾಗ ಕೊಡಿಸಿದ ಪುಣ್ಯ." ಇವರಿಗೆ ಆ ಪುಣ್ಯ ಬೇಕಿರಲಿಲ್ಲ. ದಜಾಯಿಫು ತಲುಪೋವರೆಗೆ ಮಾತಾಡಲಿಲ್ಲ.

ದಜಾಯಿಫು ದೇವಸ್ಥಾನ ಊರಿನಿಂದ ಆಗ್ನೇಯಕ್ಕೆ, ಹತ್ತಿರವೇ. ಆ ದೇಶದ ಕಾರಿನ ನ್ಯಾವಿಗೇಶನ್ನಿಗೆ ಹೆಸರು ಬರೆದು ಕೊಡಬೇಕಾಗಿಲ್ಲ, ಹೋಗಬೇಕಾದ ಜಾಗದ ಫೋನ್ ನಂಬರ್ ಒತ್ತಿದರೆ ಸಾಕು. ಜಪಾನಿ ಓದಲು ಬಾರದವರಿಗೆ ಇದಕ್ಕಿಂತ ಉಪಕಾರ ಇಲ್ಲ. ಆದರೆ ಒಂದು ಅಂಕಿ ತಪ್ಪಿದರೂ ಅದು ನಮ್ಮನ್ನು ಇನ್ನೆಲ್ಲಿಗೋ ಅಷ್ಟೇ ನಿಷ್ಠೆಯಿಂದ ಕರೆದುಕೊಂಡು ಹೋಗುತ್ತದೆ. ನಮ್ಮನ್ನು ಒಂದು ಹಲ್ಲಿನ ಕ್ಲಿನಿಕ್ಕಿನ ಮುಂದೆ ನಿಲ್ಲಿಸಿ, ತಲುಪಿದಿರಿ ಅಂತ ಘೋಷಿಸಿತು. ಜಪಾನಿನಲ್ಲಿ ಮೂಲೆಗೊಂದು ಇರೋ ದಿನಸಿ ಅಂಗಡಿಗಳಿಗಿಂತ ಹಲ್ಲಿನ ಕ್ಲಿನಿಕ್ಕುಗಳೇ ಜಾಸ್ತಿ, ಹಾಗಾಗಿ ಯಾವ ನಂಬರ್ ತಪ್ಪಾಗಿ ಒತ್ತಿದರೂ ಒಂದು ಹಲ್ಲಿನ ಡಾಕ್ಟರೇ ಸಿಗೋದು ಅನ್ನಿಸುತ್ತೆ. "ದೇವಸ್ಥಾನ ಚಿಕ್ಕದು" ಅಂದರು ಅತ್ತೆ, ಚಪ್ಪಲಿ ಬಿಡಲು ಸಿದ್ಧರಾಗುತ್ತಾ.

ಆ ದಾರಿಯಲ್ಲೇ ಅತ್ತೆ ಒಂದು ಸಂಶೋಧನೆ ಮಾಡಿದರು. ಎಡಕ್ಕೆ ತಿರುಗಬೇಕಾದಾಗಲೆಲ್ಲ ನ್ಯಾವಿಗೇಶನ್ ಹೆಂಗಸು "ಹಿದಾರಿ ಹೋಕೋ ದೆಸ್" ಅನ್ನುತ್ತಿದ್ದಳು. "ಇವಳಿಗೆ ಕನ್ನಡ ಬರುತ್ತಲ್ಲೇ! ಈ ದಾರಿ ಹೊಕ್ಕೋ ಅಂತಿದ್ದಾಳೆ" ಅಂದರು. ಕೇಳಿ ನೋಡಿದರೆ ಹಾಗೇ ಇದೆ. ಹಿದಾರಿ ಅಂದರೆ ಎಡಗಡೆ, ಹೋಕೋ ಅಂದರೆ ದಿಕ್ಕು. ಬಲಗಡೆಗೆ ಮಿಗಿ. ಅಲ್ಲಿಂದ ನಮ್ಮ ಕಾರಿನಲ್ಲಿ ಎಡ ಬಲ ಹೋಗಿ ಈ ದಾರಿ, ಮಿಗಿ ಅಂತಲೇ ಆಯಿತು. ಈ ತಮಾಷೆ ಮರುದಿನ ನಮಗೆ ಎಷ್ಟು ತುಟ್ಟಿಯಾಗುತ್ತೆ ಅಂತ ಆಗ ಗೊತ್ತಿರಲಿಲ್ಲ.

ಕಾರಿನ ದೀಪಕ್ಕೂ ಬೇರೆ ಭಾಷೆ ಇದೆ ಅಂತ ಗೊತ್ತಾದದ್ದೂ ಅಲ್ಲೇ. ನಾನು ಬಲಕ್ಕೆ ತಿರುಗಲು ನಿಂತಿದ್ದೆ. ಎದುರಿಗೆ ಒಂದು ಲಾರಿ ಬಂತು. ಲೈಟ್ ಮಿನುಗಿಸಿತು. ಮೈಸೂರು ಬೆಂಗಳೂರು ರಸ್ತೆಯಲ್ಲಿ ಲಾರಿ ಲೈಟ್ ಮಿನುಗಿಸಿದರೆ ಅರ್ಥ ಒಂದೇ, ನಾನು ಬರ್ತಿದ್ದೀನಿ, ಬದುಕೋ ಆಸೆ ಇದ್ದರೆ ಸರಿ. ನಾನು ಬ್ರೇಕನ್ನು ಇನ್ನೂ ಗಟ್ಟಿ ಒತ್ತಿಕೊಂಡು ಕೂತೆ. ಲಾರಿಯೂ ನಿಂತಿತು. ಮತ್ತೆ ಮಿನುಗಿಸಿತು. ನಾನು ಇನ್ನೂ ಗಟ್ಟಿ ಒತ್ತಿದೆ. ಡ್ರೈವರ್ ಕೈ ಚಾಚಿ ಊಟಕ್ಕೆ ಕರೆಯೋ ಹಾಗೆ ಹೋಗಿ ಹೋಗಿ ಅಂತ ತೋರಿಸಿದ ಮೇಲೆ ಗೊತ್ತಾಯಿತು, ಅಲ್ಲಿ ಮಿನುಗಿಸಿದರೆ 'ಮೊದಲು ನೀವು' ಅಂತ. ದಾರಿ ಕೊಟ್ಟವರಿಗೆ ನಾಲ್ಕೂ ಇಂಡಿಕೇಟರ್ ಒಂದೆರಡು ಸಲ ಮಿಟುಕಿಸಿ ಥ್ಯಾಂಕ್ಸ್ ಹೇಳಬೇಕು. ನಮ್ಮಲ್ಲಿ ಆ ನಾಲ್ಕೂ ದೀಪ ಹಾಕೋದು ಸರ್ಕಲ್ಲಿನಲ್ಲಿ ನೆಟ್ಟಗೆ ಹೋಗೋಕೆ. ಯಾರು ಕಲಿಸಿದರೋ ಗೊತ್ತಿಲ್ಲ, ಇವರಂತೂ ಇಪ್ಪತ್ತು ವರ್ಷದಿಂದ ಹಾಗೇ ಹಾಕ್ತಾರೆ.

ಹಾರ್ನಿನ ವಿಷಯ ಹೇಳೋಕೆ ನಾಚಿಕೆ. ಒಂದು ಓಣಿಯಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜಿಯ ಹಿಂದೆ ಬಂದಾಗ ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಒತ್ತಿಬಿಟ್ಟಿತು. ಒಂದೇ ಸಲ, ಪೀಂ ಅಂತ, ನಮ್ಮಲ್ಲಿ ಪಕ್ಕದ ಮನೆಯವರಿಗೆ ನಮಸ್ಕಾರ ಹೇಳೋಕೆ ಮಾಡುವಷ್ಟು. ಇಡೀ ಓಣಿ ತಿರುಗಿ ನೋಡಿತು. ಅಜ್ಜಿ ಸೈಕಲ್ಲಿನಿಂದ ಇಳಿದು, ಪಕ್ಕಕ್ಕೆ ಸರಿದು, ನನಗೆ ಬಗ್ಗಿ ಕ್ಷಮೆ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಸುಮ್ನೆ ಹಾರ್ನ್ ಮಾಡೋದು ಅಲ್ಲಿ ಕಾನೂನಿಗೆ ವಿರುದ್ಧ, 3,000 ಯೆನ್ ದಂಡ ಇದೆ ಅಂತ ರಾತ್ರಿ ತಮ್ಮ ಹೇಳಿದ. ಅವನೇ ಹಿಂದಿನ ದಿನ ಫೋನಿನಲ್ಲಿ "ಸಿಗ್ನಲ್‌ನಲ್ಲಿ ನೀಲಿ ಬಂದ ಮೇಲೆ ಹೊರಡು ಅಕ್ಕ, ಇಲ್ಲಿ ಫ್ರೀ ಲೆಫ್ಟ್ ಇಲ್ಲ" ಅಂದಿದ್ದ. ಎಂಟು ವರ್ಷದಲ್ಲಿ ಅವನೂ ಅವರ ಹಾಗೇ ಆಗಿದ್ದಾನೆ, ಹಸಿರು ದೀಪಕ್ಕೆ ಅಲ್ಲಿ ನೀಲಿ ಅಂತಾರೆ. ನಾನು ಒಂದು ಇಡೀ ಹಸಿರು ಮುಗಿಯೋವರೆಗೆ ನೀಲಿಗಾಗಿ ಕಾದಿದ್ದೇನೆ. ಹಿಂದೆ ಆರೇಳು ಕಾರು. ಒಬ್ಬರೂ ಹಾರ್ನ್ ಮಾಡಲಿಲ್ಲ!

ರೈಲು ಗೇಟು ತೆರೆದಿದ್ದರೂ ಅಲ್ಲಿ ಪ್ರತಿಯೊಂದು ಕಾರೂ ಹಳಿಯ ಮುಂದೆ ಪೂರ್ತಿ ನಿಲ್ಲಬೇಕು. ನಿಂತು, ನೋಡಿ, ಆಮೇಲೆ ದಾಟಬೇಕು. ಕೆಂಪು ತ್ರಿಕೋನದ ಬೋರ್ಡ್ ಇರುವ ಕಡೆಯೂ ಅಷ್ಟೇ, ರಸ್ತೆ ಖಾಲಿ ಹೊಡೆಯುತ್ತಿದ್ದರೂ ಚಕ್ರ ಪೂರ್ತಿ ನಿಲ್ಲಲೇಬೇಕು. ನಿಧಾನ ಮಾಡಿದೆ ಅಂದರೆ ನಡೆಯಲ್ಲ, 7,000 ಯೆನ್. ಮೊದಲ ಹಳಿಯ ಮುಂದೆ ನಿಲ್ಲಿಸಿದಾಗ ಅತ್ತೆ, "ಗೇಟ್ ತೆಗೆದಿದೆ, ರೈಲೂ ಇಲ್ಲ, ಯಾಕೆ ನಿಂತೆ?" ಅಂದರು. ಗೇಟ್ ಮುಚ್ಚಿದ್ದರೂ ಬಗ್ಗಿ ಸ್ಕೂಟರ್ ದಾಟಿಸಿದ ವಂಶ ನಮ್ಮದು. ಅವರಿಗೆ ಏನಂತ ಹೇಳಲಿ.

ದಜಾಯಿಫುವಿನ ದೇವರು ಸುಗವಾರ ನೊ ಮಿಚಿಜಾನೆ. ಒಂದು ಕಾಲದ ದೊಡ್ಡ ವಿದ್ವಾಂಸ, ರಾಜಧಾನಿಯಿಂದ ಹೊರಗೆ ಹಾಕಿಸಿಕೊಂಡು ಇಲ್ಲಿಗೆ ಬಂದು 903ರಲ್ಲಿ ತೀರಿಕೊಂಡವನು, ಈಗ ವಿದ್ಯೆಯ ದೇವರು. ಪರೀಕ್ಷೆಗೆ ಕೂರುವ ಮಕ್ಕಳೆಲ್ಲ ಅಲ್ಲಿ ಬಂದು ಮರದ ಹಲಗೆಯಲ್ಲಿ ಹರಕೆ ಬರೆದು ಕಟ್ಟುತ್ತಾರೆ. ಮುಖ್ಯ ಗುಡಿಯ ರಿಪೇರಿ ನಡೆಯುತ್ತಿತ್ತು. ಅದಕ್ಕೆ ಮುಂದೆ ಒಂದು ತಾತ್ಕಾಲಿಕ ಗುಡಿ ಕಟ್ಟಿದ್ದರು. ಅದರ ಮಾಡಿನ ಮೇಲೆ ಮರಗಳು ಬೆಳೆದು ನಿಂತಿದ್ದವು, ಒಂದು ತುಂಡು ಕಾಡನ್ನು ಎತ್ತಿ ಇಟ್ಟ ಹಾಗೆ. ಅತ್ತೆ ನಾದಿನಿಯ ಮಗನ ಸಿಇಟಿ ರ‍್ಯಾಂಕಿಗಾಗಿ ಕನ್ನಡದಲ್ಲೇ ಹರಕೆ ಬರೆದರು. ಅಲ್ಲಿ ಮಾರುವ ಒಂದು ಬಿಸಿ ಅಕ್ಕಿ ರೊಟ್ಟಿ, ಒಳಗೆ ಸಿಹಿ ಹೂರಣ, ಎರಡು ತಿಂದು, "ಇವರೂ ಹೋಳಿಗೆ ಮಾಡ್ತಾರೆ, ಲಟ್ಟಿಸೋಕೆ ಸೋಮಾರಿತನ" ಅಂತ ತೀರ್ಪು ಕೊಟ್ಟರು. ಬರುವಾಗ ಒಂದು ಪುಟ್ಟ ಬಟ್ಟೆಯ ಚೀಲದಂಥ ತಾಯಿತ ಕೊಂಡರು. ಅಪಘಾತ ಆಗದ ಹಾಗೆ ವಾಹನ ಕಾಪಾಡೋ ತಾಯಿತ. ಹೊಸ ಕಾರನ್ನು ದೇವಸ್ಥಾನಕ್ಕೆ ತಂದು ಪೂಜೆ ಮಾಡಿಸೋ ಪದ್ಧತಿ ಅವರಲ್ಲೂ ಇದೆ ಅಂತ ಕೇಳಿ ಅತ್ತೆಗೆ ಆ ದೇಶದ ಮೇಲೆ ಪೂರ್ತಿ ನಂಬಿಕೆ ಬಂತು. ತಾಯಿತವನ್ನು ತಮ್ಮ ಸೀಟಿನ ಮೇಲಿನ ಹಿಡಿಗೆ ಕಟ್ಟಿದರು. ನನ್ನ ಡ್ರೈವಿಂಗ್ ಬಗ್ಗೆ ಅವರು ಬಾಯಿ ಬಿಟ್ಟು ಏನೂ ಹೇಳಿರಲಿಲ್ಲ. ಇದೇ ಹೇಳಿದ್ದು.

ಮೂರನೇ ದಿನ ಇತೊಶಿಮಾ ಕಡೆ ಹೊರಟೆವು, ಸಮುದ್ರ ನೋಡೋಕೆ. ಒಂದು ಕವಲಿನಲ್ಲಿ ನ್ಯಾವಿಗೇಶನ್ ಸುಮ್ಮನಾಯಿತು. ನಾನು "ಎತ್ಲಾಗೆ?" ಅಂದೆ. ಇವರು ಬಲಗಡೆ ಬೆರಳು ತೋರಿಸುತ್ತಾ "ಈ ದಾರಿ, ಈ ದಾರಿ!" ಅಂದರು.

ಎರಡು ದಿನದಿಂದ ಈ ದಾರಿ ಅಂದರೆ ಎಡಗಡೆ. ನಾನು ರಸ್ತೆ ನೋಡುತ್ತಿದ್ದೆ, ಇವರ ಬೆರಳನ್ನಲ್ಲ. ಎಡಕ್ಕೆ ತಿರುಗಿಸಿದೆ.

ರಸ್ತೆ ಮೇಲಕ್ಕೆ ಏರತೊಡಗಿತು. ಇನ್ನೂ ಏರಿತು. ಎರಡೂ ಪಕ್ಕ ಗೋಡೆ ಬಂತು. ಎದುರಿಗೆ ಟೋಲ್ ಗೇಟು. ಊರಿನ ತಲೆ ಮೇಲೆ ಹಾದುಹೋಗುವ ಎಕ್ಸ್‌ಪ್ರೆಸ್‌ವೇ! ನೇರಳೆ ಬಣ್ಣದ ಬೋರ್ಡಿನ ಕಡೆ ಕಾರ್ಡ್ ಇದ್ದವರು ಮಾತ್ರ ಹೋಗಬೇಕು ಅಂತ ತಮ್ಮ ಹೇಳಿದ್ದು ಆ ಗಾಬರಿಯಲ್ಲೂ ನೆನಪಾಗಿ ಪಕ್ಕದ ಗೂಡಿಗೆ ನುಗ್ಗಿಸಿದೆ. ಬಿಳಿ ಗ್ಲೌಸಿನ ಒಬ್ಬರು ಆರುನೂರು ಚಿಲ್ಲರೆ ಯೆನ್ ತೆಗೆದುಕೊಂಡು ಬಗ್ಗಿ ನಮಸ್ಕರಿಸಿದರು. ಹಿಂದಿನಿಂದ ಅತ್ತೆ, "ಅವಳು ಮೊದಲ ದಿನದಿಂದ ಬಡ್ಕೋತಿದ್ಲು, ಕಾರ್ಡ್ ಹಾಕಿ ಅಂತ. ಕೇಳಿದ್ರಾ?" ಅಂದರು.

"ನಾನು ಬಲಕ್ಕೆ ಅಂದೆ" ಅಂದರು ಇವರು.

"ನೀವು ಈ ದಾರಿ ಅಂದ್ರಿ."

"ಈ ದಾರಿ ಅಂದ್ರೆ ಈ ದಾರಿ. ಇದು! ಕನ್ನಡದಲ್ಲಿ ಹೇಳಿದೆ ಕಣೇ!"

"ಕನ್ನಡದಲ್ಲಿ ಹೇಳ್ತೀನಿ ಅಂತ ಮೊದಲು ಹೇಳ್ಬೇಕಲ್ರೀ."

ಇಪ್ಪತ್ತು ವರ್ಷದ ಸಂಸಾರದಲ್ಲಿ ಭಾಷೆಯ ವಿಷಯಕ್ಕೆ ಜಗಳ ಆಗಿದ್ದು ಅದೇ ಮೊದಲು. ಇವರು ಕೈ ಕಟ್ಟಿ ಕಿಟಕಿ ಕಡೆ ತಿರುಗಿದರು. ತಮಾಷೆ ಏನು ಅಂದರೆ ತಪ್ಪಿ ಹತ್ತಿದ ಆ ರಸ್ತೆ ಇತೊಶಿಮಾ ಕಡೆಗೇ ಹೋಗುತ್ತಿತ್ತು. ಬಲಗಡೆ ಸಮುದ್ರ, ಬಂದರು, ಬೇಸ್‌ಬಾಲ್ ಆಡೋ ದೊಡ್ಡ ಗುಮ್ಮಟ, 234 ಮೀಟರ್ ಎತ್ತರದ ಫುಕುವೊಕಾ ಟವರ್. ಮುಂದೆ ಫುಕುಶಿಗೆ ಅನ್ನೋ ಜಂಕ್ಷನ್ನಿನಲ್ಲಿ ನೆಟ್ಟಗೆ ಹೋಗಿದ್ದರೆ ಮುಗಿದಿತ್ತು. ಅಲ್ಲಿ ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಕಾರು ತಿರುವಿಗೆ ಹೋಯಿತು.

ಈ ಎಕ್ಸ್‌ಪ್ರೆಸ್‌ವೇ ಊರಿನ ಸುತ್ತ ಉಂಗುರದ ಹಾಗೆ ಇದೆ, 2012ರಲ್ಲಿ ಆ ಉಂಗುರ ಪೂರ್ತಿ ಕೂಡಿತಂತೆ. ಇಳಿಯೋ ದಾರಿಯ ಬೋರ್ಡಿನಲ್ಲಿ ಚೌಕದಂಥ ಒಂದು ಅಕ್ಷರ ಇರುತ್ತೆ ಅಂತ ತಮ್ಮ ಹೇಳಿದ್ದ. ನಾನು ಚೌಕ ಹುಡುಕುವಷ್ಟರಲ್ಲಿ ಅದು ದಾಟಿ ಹೋಗಿರುತ್ತಿತ್ತು. ಊರಿನ ದಕ್ಷಿಣ ನೋಡಿದೆವು. ಪೂರ್ವ ನೋಡಿದೆವು. ನಾವು ಮೊದಲ ದಿನ ಇಳಿದ ಏರ್‌ಪೋರ್ಟು ಬಂತು, ತಲೆ ಮೇಲೆಯೇ ವಿಮಾನ ಇಳಿಯುತ್ತಿತ್ತು. ಮತ್ತೆ ಬಂದರು. ಮತ್ತೆ ಗುಮ್ಮಟ. ಎರಡನೇ ಸಲ ಟವರ್ ಬಂದಾಗ ಅತ್ತೆ, "ಇಂಥದ್ದು ಎಷ್ಟಿವೆ ಈ ಊರಲ್ಲಿ?" ಅಂದರು. ಆಗ ಇವರಿಗೆ ಒಂದು ವಿಷಯ ಹೊಳೆಯಿತು. ಟೋಲ್ ಕಟ್ಟಿದ್ದು ಒಂದೇ ಸಲ. ಅಲ್ಲಿ ದೂರಕ್ಕೆ ತಕ್ಕ ಲೆಕ್ಕ ಇಲ್ಲ. "ಅಂದ್ರೆ ಒಂದೇ ದುಡ್ಡಿಗೆ ಎರಡನೇ ರೌಂಡು!" ಅಂತ ಕೈ ಬಿಚ್ಚಿ ಕೂತರು. ಪಾರ್ಕಿಂಗಿನಲ್ಲಿ ಹೋದ 1,100 ಯೆನ್ ವಸೂಲಾದ ಖುಷಿ. ಆ ಖುಷಿಯಲ್ಲಿ ಫುಕುಶಿಗೆ ಬಂದಾಗ ಸರಿಯಾಗಿ "ನೆಟ್ಟಗೆ" ಅಂದರು.

ಮುಂದೆ ಒಂದು ಕಾರು ತುಂಬಾ ನಿಧಾನಕ್ಕೆ ಹೋಗುತ್ತಿತ್ತು, ಹಿಂದೆ ನಾಲ್ಕೆಲೆಯ ಒಂದು ಬಣ್ಣದ ಸ್ಟಿಕ್ಕರ್. ಎಪ್ಪತ್ತು ದಾಟಿದವರು ಓಡಿಸುತ್ತಿದ್ದಾರೆ ಅಂತ ಅದರ ಅರ್ಥ. ನಮ್ಮ ಅತ್ತೆಗೆ 72. "ನಂಗೂ ಒಂದು ತಗೊಂಡು ಬೆನ್ನಿಗೆ ಅಂಟಿಸಿ" ಅಂದರು. ಮನೆಯಲ್ಲಿ ಬೇಗ ಬೇಗ ಅಂತ ಅವಸರ ಮಾಡೋ ಇವರಿಗೆ ಹೇಳಿದ ಮಾತು ಅದು.

ಇತೊಶಿಮಾದ ಸಮುದ್ರದಲ್ಲಿ ಎರಡು ಬಂಡೆಗಳಿವೆ. ಗಂಡ ಹೆಂಡತಿ ಬಂಡೆ ಅಂತಲೇ ಹೆಸರು. ಎರಡನ್ನೂ ಸೇರಿಸಿ ಹುಲ್ಲಿನ ದಪ್ಪ ಹಗ್ಗ ಕಟ್ಟಿದ್ದಾರೆ, ಪ್ರತಿ ವರ್ಷ ಹೊಸದು ಹಾಕ್ತಾರಂತೆ. ಅತ್ತೆ ದಡದಲ್ಲಿ ಕೂತು, ಡಬ್ಬಿಯಿಂದ ಅವಲಕ್ಕಿ ತೆಗೆದು, ಬಂಡೆ ನೋಡಿ, ನಮ್ಮಿಬ್ಬರನ್ನು ನೋಡಿ, "ವರ್ಷಾ ವರ್ಷಾ ಕಟ್ಟಬೇಕಾಗುತ್ತೆ, ಅಲ್ವಾ?" ಅಂದರು. ಅಷ್ಟೇ ಅಂದಿದ್ದು.

ಕೊನೇ ದಿನ ಟ್ಯಾಂಕ್ ತುಂಬಿಸಿ ಕಾರು ವಾಪಸ್ ಕೊಡಬೇಕು. ನಾವೇ ಹಾಕಿಕೊಳ್ಳೋ ಪೆಟ್ರೋಲ್ ಬಂಕು. ಮೂರು ಪೈಪು, ಕೆಂಪು, ಹಳದಿ, ಹಸಿರು. ತಾಂತ್ರಿಕ ಖಾತೆ ಇವರದ್ದು. ಕೇ ಕಾರಿನ 'ಕೇ' ಹೇಗೆ ಬರೆಯೋದು ಅಂತ ತಮ್ಮ ಇವರಿಗೆ ಕಾರಿನ ಕಾಗದದಲ್ಲಿ ತೋರಿಸಿದ್ದ, ಹಗುರ ಅನ್ನೋ ಅರ್ಥದ ಅಕ್ಷರ. ಇವರು ಕಾಗದ ಹಿಡಿದು ಪೈಪುಗಳ ಮೇಲೆ ಅದೇ ಅಕ್ಷರ ಹುಡುಕಿದರು. ಸಿಕ್ಕಿತು. ಹಸಿರು ಪೈಪಿನ ಮೇಲೆ 'ಕೇಯು'. ಹಗುರ ಕಾರಿಗೆ ಹಗುರ ಎಣ್ಣೆ! ಒಬ್ಬ ಮನುಷ್ಯ ಜೀವನದಲ್ಲಿ ಮೊದಲ ಸಲ ಜಪಾನಿ ಓದಿದ ಹೆಮ್ಮೆಯಲ್ಲಿ ಪೈಪ್ ಎತ್ತಿಕೊಂಡರು.

ಒಳಗಿನ ಗಾಜಿನ ಕೋಣೆಯಿಂದ ಒಬ್ಬ ಹುಡುಗ ಹಾರಿ ಬಂದ. ಎದೆ ಮುಂದೆ ಎರಡೂ ಕೈ ಕತ್ತರಿ.

ಕೇಯು ಅಂದರೆ ಡೀಸೆಲ್. ಕೇ ಕಾರಿಗೆ ಕೇಯು ಹಾಕಿಬಿಡೋ ತಪ್ಪು ಜಪಾನಿನವರೇ ಮಾಡ್ತಾರಂತೆ. ಇದನ್ನು ತಮ್ಮ ಹೇಳಿದಾಗ ಇವರಿಗೆ ಎಷ್ಟು ಸಮಾಧಾನವಾಯಿತು ಅಂದರೆ, ಊರಿಗೆ ಬಂದು ಎಲ್ಲರಿಗೂ "ಅಲ್ಲಿನವರಿಗೇ ಗೊತ್ತಾಗಲ್ಲ" ಅಂತ ಸೇರಿಸಿಯೇ ಹೇಳುತ್ತಾರೆ. ಕೆಂಪು ಪೈಪಿನಿಂದ ಪೆಟ್ರೋಲ್ ಹಾಕಿದೆವು. ಲೀಟರಿಗೆ 175 ಯೆನ್ ಆಸುಪಾಸು, ಲೆಕ್ಕ ಹಾಕಿ ನೋಡಿದರೆ ನಮ್ಮೂರಿಗಿಂತ ಕಮ್ಮಿಯೇ. ನಾಲ್ಕು ದಿನಕ್ಕೆ ಆ ಬೀರು ಕುಡಿದದ್ದು ಹನ್ನೆರಡು ಲೀಟರ್ ಚಿಲ್ಲರೆ, ಅದರಲ್ಲಿ ಎರಡು ಬರೀ ಉಂಗುರ ಸುತ್ತಿದ್ದಕ್ಕೆ.

ವಾಪಸ್ ಕೊಡುವಾಗ ಅದೇ ಹುಡುಗ ಅದೇ ಹಾಳೆ ಹಿಡಿದು ಪ್ರದಕ್ಷಿಣೆ ಬಂದ. ಹೊಸ ಗೀರು ಒಂದೂ ಇಲ್ಲ. ನಾನು ಇವರ ಕಡೆ ನೋಡಿದೆ. ಇವರು ಆಕಾಶ ನೋಡಿದರು. ಏರ್‌ಪೋರ್ಟಿಗೆ ಬಿಡೋ ವ್ಯಾನಿನಲ್ಲಿ ನಾವು ಹತ್ತಿ ಕೂತಾಗ ಹುಡುಗ ಓಡೋಡಿ ಬಂದ, ಎರಡೂ ಕೈಯಲ್ಲಿ ಆ ತಾಯಿತ ಹಿಡಿದು. ಮರೆತು ಹೋಗಿದ್ದೀರಿ ಅಂತ. ಅತ್ತೆ ಮರೆತಿರಲಿಲ್ಲ, ಬೇಕು ಅಂತಲೇ ಬಿಟ್ಟಿದ್ದರು. "ಕಾರಿಗೇ ಇರಲಪ್ಪ, ನಾಳೆ ಇನ್ಯಾರು ಓಡಿಸ್ತಾರೋ" ಅಂತ ವಾಪಸ್ ಕೊಟ್ಟರು. ಅವನು ಬಗ್ಗಿ ಮತ್ತೆ ಮುಂದೆ ಹಿಡಿದ. ಅತ್ತೆ ತಳ್ಳಿದರು. ಅವನು ಇನ್ನೂ ಕೆಳಗೆ ಬಗ್ಗಿದ. ಮದುವೆ ಮನೆಯಲ್ಲಿ ಮುಯ್ಯಿ ಕವರ್ ಬೇಡ ಬೇಡ ಅನ್ನೋ ಹಾಗೆ ಐದಾರು ಸಲ ನಡೆದು, ಕೊನೆಗೆ ಅವನೇ ಗೆದ್ದ. ಅತ್ತೆ ತಾಯಿತವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಲ್ಟ್ ಹಾಕಿಕೊಂಡರು, ಈ ಸಲ ಯಾರೂ ಹೇಳದೆ.

ಡ್ರೈವರ್ ವ್ಯಾನ್ ಸ್ಟಾರ್ಟ್ ಮಾಡಿದ. ಅದೇ ಹೆಂಗಸಿನ ದನಿ, ಆದರೆ ಬೇರೆ ಮಾತು, ಚಿಕ್ಕದು, ಸ್ವಲ್ಪ ಮೆತ್ತಗೆ. ಅತ್ತೆ ನನ್ನ ಮೊಣಕೈ ತಿವಿದರು.

"ನೋಡು, ಬೈತಿಲ್ಲ. ಇವರು ಕಾರ್ಡ್ ಹಾಕ್ಕೊಂಡಿದ್ದಾರೆ."